ಸಪ್ಪಳವಿಲ್ಲದ ಡಬ್ಬಿ

ಯಾದಗಿರಿ
11 ಫೆಬ್ರವರಿ 2024

ಅಪ್ಪಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಒಂದು ಕೆಲಸ ಬಿದ್ದಿದೆ, ಅದಕ್ಕೇ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಫೋನು ಮಾಡಿದರೆ ನಿನಗೆ ಕೇಳುವುದಿಲ್ಲ. ಸುನೀಲನ ಫೋನಿಗೆ ಬರೆದು ಹಾಕಿದರೆ ಅವನು ಓದಿ, ಅವನ ಹೆಂಡತಿ ಓದಿ, ಆಮೇಲೆ ಹುಣಸಗಿಯಿಂದ ಸುರಪುರಕ್ಕೆ ಬಂದಾಗ ನಿನಗೆ ತೋರಿಸುತ್ತಾನೆ. ನನ್ನ ಸುದ್ದಿ ತಮ್ಮನ ಕೈ ದಾಟಿ ನಿನಗೆ ಮುಟ್ಟುವುದು ಬೇಡ. ಅದಕ್ಕೆ ಕಾಗದ.

ನನಗೀಗ ಒಂದು ಕೆಲಸವಿದೆ. ಹಳ್ಳಿಯವರು ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ. ನಾನು ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆಯೇ ಕನ್ನಡದಲ್ಲಿ ಟೈಪ್ ಮಾಡಬೇಕು. ಕಂಪ್ಯೂಟರಿಗೆ ನಮ್ಮ ಕಡೆಯ ಮಾತು ಕಲಿಸುವುದಕ್ಕಂತೆ. ಬೆಂಗಳೂರಿನಲ್ಲಿ ಕುಳಿತವರಿಗೆ ನಮ್ಮ ಮುದುಕರ ಮಾತು ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಬಾಡಿಗೆ ಕೋಣೆಯಲ್ಲೇ ಕುಳಿತು ಮಾಡುತ್ತೇನೆ. ಪಕ್ಕದ ಕೋಣೆಯ ನುಜ್ಹತಳದೂ ಇದೇ ಕೆಲಸ. ನನ್ನನ್ನು ಸೇರಿಸಿದವಳು ಅವಳೇ.

ತೊಂದರೆ ಕಂಪ್ಯೂಟರಿನದು. ಅದರ ಯಂತ್ರವೆಲ್ಲ ಒಂದು ತಗಡಿನ ಡಬ್ಬಿಯಲ್ಲಿರುತ್ತದೆ, ಕ್ಯಾಬಿನೆಟ್ ಅನ್ನುತ್ತಾರೆ. ನಾನು ತಂದದ್ದು ಹಳೆಯದು, ಅದರ ತಗಡು ಹಪ್ಪಳದಷ್ಟು ತೆಳು. ಒಳಗೆ ಫ್ಯಾನ್ ತಿರುಗಿದರೆ ಇಡೀ ಡಬ್ಬಿ ನಡುಗುತ್ತದೆ. ಅದರ ಜೊತೆಗೆ ಒಂದು ಸಣ್ಣ, ಚೂಪಾದ ಸಪ್ಪಳ, ಜೀರುಂಡೆಯ ಹಾಗೆ. ಹೆಡ್‌ಫೋನ್ ಹಾಕಿಕೊಂಡರೂ ಬಿಡುವುದಿಲ್ಲ. ಜನ ಆಡಿದ ಮಾತಿನ ತುದಿಗಳನ್ನೆಲ್ಲ ಅದು ತಿಂದುಹಾಕುತ್ತದೆ.

ಗಟ್ಟಿಮುಟ್ಟಾದ, ಸಪ್ಪಳ ಮಾಡದ ಡಬ್ಬಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ನಲವತ್ತು ವರ್ಷ ಟ್ರಂಕು, ಜೋಳ ತುಂಬುವ ಡ್ರಮ್ಮು ಮಾಡಿದವನು ನೀನು. ಅಂಗಡಿಯಲ್ಲಿ ನಿಂತು ನೋಡಿದರೆ ಒಳ್ಳೆಯ ಡಬ್ಬಿ ಯಾವುದೆಂದು ಹೇಗೆ ತಿಳಿಯಬೇಕು? ಅಷ್ಟು ಬರೆದರೆ ಸಾಕು. ಗೋಗಿಯ ಗಂಡನ ಮನೆಯ ವಿಷಯ ಎತ್ತಬೇಡ. ನಾನು ಆ ಮನೆಗೆ ವಾಪಸು ಹೋಗುವುದಿಲ್ಲ.

ಅವ್ವನಿಗೆ ಚೆನ್ನಾಗಿದ್ದೇನೆಂದು ಹೇಳು.

ಯಶೋಧರಾ


ಸುರಪುರ
20 ಫೆಬ್ರವರಿ 2024

ಮಗಳು ಯಶೋಧರಾಗೆ ಖಂಡಪ್ಪನ ಜೈಭೀಮ್.

ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು, ಒಡೆಯುವ ಮೊದಲು ನಿನ್ನ ಅವ್ವನ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ನಾನು ಓದಿ, ನೀನು ಚೆನ್ನಾಗಿದ್ದೀ ಎಂದಷ್ಟು ಹೇಳಿದೆ.

ಅಂಗಡಿಯಲ್ಲಿ ಹೀಗೆ ಮಾಡು. ಬಣ್ಣ ನೋಡಬೇಡ. ಪಕ್ಕದ ಬಾಗಿಲನ್ನು ಬಿಚ್ಚಿ ಕೈಗೆ ಕೊಡಲು ಹೇಳು. ಒಂದು ಮೂಲೆ ಹಿಡಿದು ಎತ್ತು. ತಗಡು ಬಳುಕಿದರೆ ಅದನ್ನು ಬಿಡು. ನಡುವೆ ಹೆಬ್ಬೆರಳಿನಿಂದ ಒತ್ತು. ಟಪ್ ಎಂದು ಒಳಗೆ ಹೋಗಿ ಟಪ್ ಎಂದು ಹೊರಗೆ ಬಂದರೆ ಅದು ಬಿಸ್ಕೀಟ್ ಡಬ್ಬಿ. ಅಂಚು ಒಂದು ಮಡಿಕೆಯೋ ಎರಡೋ ನೋಡು. ಎರಡು ಮಡಿಸಿದ್ದು ನಡುಗುವುದಿಲ್ಲ, ಕೈಯನ್ನೂ ಕೊಯ್ಯುವುದಿಲ್ಲ. ಫ್ಯಾನ್ ಅಗಲವಾಗಿರಲಿ. ಅಗಲದ್ದು ನಿಧಾನ ತಿರುಗಿದರೂ ಗಾಳಿ ಕೊಡುತ್ತದೆ, ಸಣ್ಣದು ಓಡಬೇಕು, ಓಡಿದರೆ ಒದರುತ್ತದೆ. ಫ್ಯಾನಿಗೂ ತಗಡಿಗೂ ನಡುವೆ ರಬ್ಬರ್ ಇದೆಯೇ ಕೇಳು. ನಮ್ಮ ಕಡೆಯ ಧೂಳಿಗೆ ಮುಂದೆ ಒಂದು ಜಾಳಿಗೆಯೂ ಬೇಕು. ಕೊನೆಗೆ ಯಂತ್ರ ಚಾಲೂ ಮಾಡಿಸಿ ಮೇಲೆ ಅಂಗೈ ಇಡು. ಅಂಗೈಗೆ ಗೊತ್ತಾಗದ ಸಪ್ಪಳ ಡಬ್ಬಿಯದಲ್ಲ. ನನಗೆ ಕಿವಿ ಹೋದ ಮೇಲೆ ಇಷ್ಟೂ ವರ್ಷ ಅಂಗೈಯಿಂದಲೇ ಕೆಲಸ ನಡೆಸಿದ್ದೇನೆ.

ಒಂದು ಮಾತು ಕೇಳಬೇಕು. ನೀನು ಬರೆದ ಆ ಜೀರುಂಡೆ ಸಪ್ಪಳ ಯಂತ್ರ ಬಂದ್ ಮಾಡಿದ ಮೇಲೆ ನಿಲ್ಲುತ್ತದೋ, ಸ್ವಲ್ಪ ಹೊತ್ತು ಇರುತ್ತದೋ? ಒಂದು ಕಿವಿಗೋ ಎರಡಕ್ಕೋ? ನೋಡಿ ಬರೆ.

ಗೋಗಿಯ ಮಾತು ಎತ್ತಿಲ್ಲ.

ನಿನ್ನ ಅಪ್ಪ


ಯಾದಗಿರಿ
8 ಮಾರ್ಚ್ 2024

ಅಪ್ಪಾ,

ಶಹಾಪುರಕ್ಕೆ ಹೋಗಿದ್ದೆ. ಅಲ್ಲಿ ಒಂದು ದೊಡ್ಡ ಅಂಗಡಿಯಿದೆ ಎಂದು ನುಜ್ಹತ ಹೇಳಿದ್ದಳು. ಗೋಡೆ ತುಂಬ ಡಬ್ಬಿಗಳು, ಎಲ್ಲದಕ್ಕೂ ಗಾಜು, ಒಳಗೆ ಬಣ್ಣದ ದೀಪ.

"ಇದನ್ನ ಒಯ್ರಿ ಅಕ್ಕಾರ. ಏಳು ಬಣ್ಣ ಬರ್ತಾವ. ಎಲ್ಲಾರೂ ಇದನ್ನೇ ಒಯ್ಯಾಕತ್ಯಾರ."

"ನನಗ ಬಣ್ಣ ಬ್ಯಾಡ್ರಿ. ಸಪ್ಪಳ ಇರಬಾರ್ದು."

"ಮಿಷನ್ ಅಂದಮ್ಯಾಲ ಸಪ್ಪಳ ಇರೂದ ಅಲ್ರಿ?"

ಬಾಗಿಲು ಬಿಚ್ಚಿಸಿ ಹೆಬ್ಬೆರಳಿನಿಂದ ಒತ್ತಿದೆ. ಟಪ್ ಎಂದಿತು. ಇನ್ನೊಂದು, ಮತ್ತೊಂದು, ಎಲ್ಲವೂ ಟಪ್ ಎಂದವು. ಅಲ್ಲಿ ಕುಳಿತ ಇಬ್ಬರು ಗಂಡಸರು ನಗಲು ಶುರು ಮಾಡಿದರು. ಅಂಗಡಿಯವನು ಮಾತ್ರ ನಗಲಿಲ್ಲ. "ನೀವು ಕೇಳೂವಂಥಾದು ಬ್ಯಾರೆನೇ ಅದರಿ. ದಪ್ಪ ತಗಡ, ಒಳಗ ಸ್ಪಂಜ್ ಹಚ್ಚಿರ್ತಾರ. ಹೈದರಾಬಾದಿನಿಂದ ತರಸಬೇಕು," ಎಂದು ಫೋನಿನಲ್ಲಿ ಫೋಟೋ ತೋರಿಸಿದ. ಕಪ್ಪಗೆ, ಸಾದಾ, ನೀನು ಮಾಡುತ್ತಿದ್ದ ಟ್ರಂಕಿನ ಹಾಗೆ. ಅದು ನನ್ನ ಕೈಗೆ ಎಟುಕುವಂಥದಲ್ಲ. ಬರಿಗೈಯಲ್ಲಿ ಬಂದೆ.

ಈ ನಡುವೆ ಕೆಲಸದಲ್ಲಿ ನನ್ನ ಮಾನ ಹೋಗುತ್ತಿದೆ. ಮುದನಾಳದ ಒಬ್ಬ ಮುದುಕಿಯ ಮಾತು ಬಂದಿತ್ತು. "ಒಂಬತ್ತ ವರ್ಷಕ್ಕ ನಮ್ಮಪ್ಪ ನನ್ನ ಸಾಲಿ ಬಿಡಿಸಿದ" ಎಂದು ಆಕೆ ಹೇಳಿದ್ದಳು. ಶಾಲೆ ಬಿಡಿಸಿದ್ದನ್ನು ನಾನು "ತಾಳಿ ಬಿಡಿಸಿದ" ಎಂದು ಟೈಪ್ ಮಾಡಿದೆ. ಮೂರು ಸಲ ಕೇಳಿದರೂ ನನಗೆ ಹಾಗೆಯೇ ಕೇಳಿಸಿತು. ತಿದ್ದುವವರು ಕೆಂಪು ಗೆರೆ ಎಳೆದು, "ಒಂಬತ್ತು ವರ್ಷಕ್ಕೆ ಅಪ್ಪ ಯಾಕೆ ತಾಳಿ ಬಿಡಿಸುತ್ತಾನೆ ಮೇಡಂ?" ಎಂದು ಬರೆದು ವಾಪಸು ಕಳಿಸಿದರು. ಈ ತಿಂಗಳಲ್ಲಿ ಹೀಗೆ ಬಂದದ್ದು ಒಂಬತ್ತನೆಯದು. ಸಕಾರ, ಶಕಾರ ಇದ್ದಲ್ಲೆಲ್ಲ ತಪ್ಪುತ್ತಿದ್ದೇನೆ. ಹಾಳು ಡಬ್ಬಿ ಹೋಗದಿದ್ದರೆ ನಾನು ಹೋಗುತ್ತೇನೆ.

ನೀನು ಕೇಳಿದ್ದಕ್ಕೆ: ಬಂದ್ ಮಾಡಿದ ಮೇಲೆ ಅದರ ಹತ್ತಿರ ನಾನೇಕೆ ಕೂತಿರಲಿ? ನೋಡಿಲ್ಲ.

ಯಶೋಧರಾ


ಸುರಪುರ
17 ಮಾರ್ಚ್ 2024

ಮಗಳಿಗೆ ಜೈಭೀಮ್.

ಡಬ್ಬಿ ಕೊಳ್ಳಬೇಡ. ನಾನು ಮಾಡುತ್ತೇನೆ.

ಕಣ್ಣು ಮೊದಲಿನ ಹಾಗಿಲ್ಲ, ಕೈ ಇದೆ. ಟ್ರಂಕು ಕೇಳುವವರು ಈಗ ಇಲ್ಲ, ಎಲ್ಲರೂ ಪ್ಲಾಸ್ಟಿಕ್ ಒಯ್ಯುತ್ತಾರೆ. ದುಕಾನಿನಲ್ಲಿ ದಪ್ಪ ತಗಡಿನ ಎರಡು ಹಾಳೆ ಹಾಗೇ ನಿಂತಿವೆ. ನಿನ್ನ ಯಂತ್ರದ ಅಳತೆ ಬೇಕು. ಡಬ್ಬಿ ಬಿಚ್ಚಿ, ಒಳಗಿನ ಹಸಿರು ಹಲಗೆಯ ಮೇಲೆ ಕಾಗದ ಇಟ್ಟು, ಸ್ಕ್ರೂ ಹೋಗುವ ತೂತುಗಳನ್ನೆಲ್ಲ ಪೆನ್ಸಿಲಿನಿಂದ ಗುರುತು ಮಾಡಿ ಕಳಿಸು. ಫ್ಯಾನಿನದು, ಹಿಂದೆ ವೈರು ಚುಚ್ಚುವ ಜಾಗದ್ದು ಬೇರೆ ಬೇರೆ ಗುರುತು ಬೇಕು. ಕೂದಲೆಳೆಯಷ್ಟು ತಪ್ಪಿದರೂ ಕೂಡುವುದಿಲ್ಲ, ಅದಕ್ಕೇ ನಿಧಾನವಾಗಿ ಮಾಡು.

ನಿನ್ನ ಅವ್ವ, "ಒಮ್ಮೆ ಹೋಗಿ ಮಗಳ ಮಾರಿ ನೋಡಿ ಬಾ," ಅನ್ನುತ್ತಾಳೆ. ಕೆಲಸ ಮುಗಿಯಲಿ ಎಂದಿದ್ದೇನೆ.

ಅಪ್ಪ


ಯಾದಗಿರಿ
2 ಏಪ್ರಿಲ್ 2024

ಅಪ್ಪಾ,

ಅಳತೆ ಇದರ ಜೊತೆಗಿದೆ. ನುಜ್ಹತ ಟಾರ್ಚು ಹಿಡಿದಳು, ನಾನು ಗುರುತು ಮಾಡಿದೆ. ಎರಡು ಸಲ ಮಾಡಿ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿದ್ದೇನೆ. ಇದನ್ನು ಕಲಿತದ್ದು ನಿನ್ನ ಹತ್ತಿರವೇ.

ಬಿಚ್ಚಿದ ಡಬ್ಬಿಯೊಳಗೆ ಕೈ ಹಾಕಿದಾಗ ಡ್ರಮ್ಮುಗಳು ನೆನಪಾದವು. ಅವುಗಳ ಬಾಯಿ ಎಷ್ಟು ಸಣ್ಣದಿತ್ತು! ನೀನು ನನ್ನನ್ನು ಎತ್ತಿ ಒಳಗೆ ಇಳಿಸುತ್ತಿದ್ದೆ. ಕತ್ತಲಲ್ಲಿ ಕೂತು ನಾನು ತಗಡು ಕೂಡಿಸುವ ರಿವಿಟ್ಟಿನ ತಲೆಗೆ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು, ನೀನು ಹೊರಗಿನಿಂದ ಸುತ್ತಿಗೆ ಹೊಡೆಯಬೇಕು. ತೂತಿನಿಂದ ಬರುವ ಬೆಳಕು ಒಂದೊಂದೇ ಮುಚ್ಚಿಹೋಗುತ್ತಿತ್ತು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅದೇ. ರಜೆಯಲ್ಲಿ ಇಡೀ ದಿನ.

ಒಂದು ದಿನ ಸುನೀಲ ತಾನೂ ಒಳಗೆ ಇಳಿಯುತ್ತೇನೆಂದು ಹಟ ಮಾಡಿದ್ದ. ನೀನು ಅವನ ಬೆನ್ನಿಗೆ ಬಾರಿಸಿ, "ಇನ್ನೊಮ್ಮೆ ದುಕಾನಿನ ಕಡೆ ಕಾಲಿಟ್ಟಿ ಅಂದ್ರ ಕಾಲ ಮುರೀತೀನಿ," ಎಂದಿದ್ದೆ. ಅವನು ಅಳುತ್ತ ಹೋದ. ನನಗೆ ಎಂಟು ವರ್ಷ. ಅಪ್ಪನಿಗೆ ನನ್ನ ಕೈಯೇ ಬೇಕು, ಅವನ ಕೈ ನಡೆಯುವುದಿಲ್ಲ ಎಂದು ಎಷ್ಟು ಹೆಮ್ಮೆಪಟ್ಟಿದ್ದೆ ಗೊತ್ತೇ? ಅವತ್ತು ಡ್ರಮ್ಮಿನೊಳಗೆ ಕೂತು ನಕ್ಕಿದ್ದೆ.

ಯಾಕೋ ಇಷ್ಟು ಬರೆದೆ. ಸಿಟ್ಟು ಸ್ವಲ್ಪ ಇಳಿದಿದೆ ಅಂತ ಕಾಣುತ್ತದೆ. ಡಬ್ಬಿ ಕೊಡುವ ನೆಪದಲ್ಲಿಯಾದರೂ ನೀನು ಬಾ. ಅವ್ವನನ್ನೂ ಕರೆದುಕೊಂಡು ಬಾ.

ನಿನ್ನ ಯಶೋಧರಾ


ಸುರಪುರ
6 ಮೇ 2024

ಮಗಳಿಗೆ ಜೈಭೀಮ್.

ಡಬ್ಬಿಯನ್ನು ನಾಳೆ ಬೆಳಗಿನ ಯಾದಗಿರಿ ಬಸ್ಸಿಗೆ ಹಾಕುತ್ತೇನೆ. ಗೋಣಿಯಲ್ಲಿ ಸುತ್ತಿದೆ, ಮೇಲೆ ನಿನ್ನ ಹೆಸರಿದೆ. ಇಬ್ಬರು ಹಿಡಿದು ಇಳಿಸಿರಿ, ಭಾರವಿದೆ.

ಅಂಚುಗಳನ್ನೆಲ್ಲ ಎರಡು ಮಡಿಕೆ ಮಾಡಿದ್ದೇನೆ. ಒಳಗೋಡೆಗೆ ಹಳೆಯ ಕಂಬಳಿ ಕತ್ತರಿಸಿ ಅಂಟಿಸಿದ್ದೇನೆ, ಗಾಳಿಯ ದಾರಿಗೆ ಅಡ್ಡ ಬರದ ಹಾಗೆ. ಸೈಕಲ್ ಟ್ಯೂಬಿನ ವಾಷರು ಪ್ರತಿ ಸ್ಕ್ರೂವಿಗೂ ಇದೆ. ಫ್ಯಾನಿನ ಜಾಗ ಅಗಲ ಬಿಟ್ಟಿದ್ದೇನೆ, ದೊಡ್ಡದು ತಂದು ಹಾಕಿಸು. ಒಂದು ರಿವಿಟ್ಟೂ ಹೊಡೆದಿಲ್ಲ. ಎಲ್ಲ ಮಡಿಕೆ, ಸ್ಕ್ರೂ. ಒಳಗೆ ಹಳೆಯ ಟೇಬಲ್ ಫ್ಯಾನಿನ ಮೋಟರು ಇಟ್ಟು ಚಾಲೂ ಮಾಡಿ, ಮೇಲೆ ತುಂಬಿದ ವಾಟಿ ನೀರು ಇಟ್ಟೆ. ನೀರು ಅಲುಗಲಿಲ್ಲ. ಅಂಗೈಗೂ ಏನೂ ಗೊತ್ತಾಗಲಿಲ್ಲ.

ನಾನು ಬರಬೇಕೆಂದಿದ್ದೆ. ಬಿಸಿಲು ಬಹಳ. ಮುಂದೆ ನೋಡೋಣ.

ಚಾಲೂ ಮಾಡಿದ ಮೇಲೆ ಹೇಗಿದೆ ಎಂದು ತಡಮಾಡದೆ ಬರೆ.

ಅಪ್ಪ


ಯಾದಗಿರಿ
15 ಮೇ 2024

ಅಪ್ಪಾ,

ಡಬ್ಬಿ ಬಂತು. ಒಂದು ತೂತೂ ತಪ್ಪಿಲ್ಲ. ರಿಪೇರಿಯವನು ಯಂತ್ರ ಕೂಡಿಸುತ್ತ, "ಇದನ್ನ ಯಾವ ಕಂಪನಿ ಮಾಡ್ಯದ್ರಿ?" ಎಂದು ಕೇಳಿದ. ನಮ್ಮಪ್ಪ ಎಂದೆ. ಮೊನ್ನೆ ಮಧ್ಯಾಹ್ನ ಚಾಲೂ ಮಾಡಿದೆವು. ನುಜ್ಹತ ಡಬ್ಬಿಗೆ ಕಿವಿ ಹಚ್ಚಿ, "ಅಯ್ಯ, ಚಾಲೂನೇ ಆಗಿಲ್ಲಲ್ಲ ಇದು," ಎಂದಳು. ಪರದೆಯ ಮೇಲೆ ಬೆಳಕು ಬಂದದ್ದು ತೋರಿಸಿದೆ. "ಏನೂ ಕೇಳಸವಲ್ದು ನೋಡು ಯಶೋಧರಾ. ಖರೇನ ಏನೂ ಇಲ್ಲ."

ನನಗೆ ಕೇಳಿಸುತ್ತಿತ್ತು. ಅದೇ ಜೀರುಂಡೆ. ಗುಂಯ್ ಎನ್ನುವ ಫ್ಯಾನಿನ ಸಪ್ಪಳ ಹೋಗಿತ್ತು, ಅದೊಂದೇ ಉಳಿದಿತ್ತು, ಮೊದಲಿಗಿಂತ ಸ್ಪಷ್ಟವಾಗಿ.

ಅಂಗೈ ಇಟ್ಟೆ. ಏನೂ ಇಲ್ಲ. ಮೇಲಿನ ಪಂಖದ್ದಿರಬಹುದೆಂದು ಅದನ್ನು ನಿಲ್ಲಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಕೂಲರುಗಳು, ಎದುರಿನ ಗಿರಣಿ, ಎಲ್ಲ ನಿಂತವು. ಎಲ್ಲ ನಿಂತ ಮೇಲೂ ಅದು ನಿಲ್ಲಲಿಲ್ಲ.

"ನಿನಗ ಕೇಳಸಾಕತ್ತದೇನ?" ಎಂದೆ. ನುಜ್ಹತ ನನ್ನ ಮುಖ ನೋಡಿದಳು.

ನಾಡಿದ್ದು ಕಲಬುರಗಿಗೆ ಹೋಗಿ ಕಿವಿ ತೋರಿಸುತ್ತೇನೆ. ಅವ್ವನಿಗೆ ಈಗಲೇ ಹೇಳಬೇಡ.

ಯಶೋಧರಾ


ಯಾದಗಿರಿ
3 ಜೂನ್ 2024

ಅಪ್ಪಾ,

ಹದಿನೆಂಟು ದಿನ ಕಾದೆ. ನೀನು ಬರೆಯಲಿಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಸಣ್ಣ ಕೋಣೆಯಲ್ಲಿ ಕೂಡಿಸಿ ಗೇಣು ದಪ್ಪದ ಬಾಗಿಲು ಹಾಕಿದರು. ಹೊರಗಿನ ಒಂದು ಎಳೆ ಸಪ್ಪಳವೂ ಒಳಗೆ ಬರುವುದಿಲ್ಲ. ಹೆಡ್‌ಫೋನಿನಲ್ಲಿ ದನಿ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಬಹಳ ಹೊತ್ತು ನಾನು ಒತ್ತಲೇ ಇಲ್ಲ. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡು ಗಾಜಿನಾಚೆಯ ಹುಡುಗಿಯನ್ನು ನೋಡಿ ನಕ್ಕೆ. ಅವಳು ನಗಲಿಲ್ಲ.

ಹೊರಗೆ ಬಂದ ಮೇಲೆ ಗೆರೆ ಎಳೆದ ಕಾಗದ ತೋರಿಸಿದಳು. ಗೆರೆ ಅರ್ಧದವರೆಗೆ ನೆಟ್ಟಗೆ ಬಂದು, ಆಮೇಲೆ ಬಾವಿಗೆ ಬಿದ್ದ ಹಾಗೆ ಇಳಿದಿದೆ. ಎರಡೂ ಕಿವಿಗೆ. ಸಣ್ಣ, ಚೂಪಾದ ದನಿಗಳು ನನ್ನ ಪಾಲಿಗೆ ಇಲ್ಲ. ಸಕಾರ ಶಕಾರಗಳು ಹೋದದ್ದು ಅದಕ್ಕೇ. ಆ ಜೀರುಂಡೆ ಕಿವಿಯೊಳಗಿನದು. ಅದಕ್ಕೆ ಔಷಧವಿಲ್ಲ. "ಸಣ್ಣವರಿದ್ದಾಗ ಯಾವದರ ಗಿರಣ್ಯಾಗ, ಕಾರ್ಖಾನ್ಯಾಗ ಇದ್ರೇನ್ರಿ? ಇದು ಬಹಳ ವರ್ಷದ ಪೆಟ್ಟು," ಎಂದು ಕೇಳಿದಳು.

ಬಸ್ಸಿನಲ್ಲಿ ಬರುವಾಗ ನಿನ್ನ ಫೆಬ್ರವರಿಯ ಕಾಗದ ನೆನಪಾಯಿತು. ಬಂದ ಕೂಡಲೇ ತೆಗೆದು ಓದಿದೆ. ಬಂದ್ ಮಾಡಿದ ಮೇಲೆ ನಿಲ್ಲುತ್ತದೋ? ಒಂದು ಕಿವಿಗೋ ಎರಡಕ್ಕೋ? ಡಬ್ಬಿಯ ಸಪ್ಪಳದ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ.

ನಿನ್ನ ಕಿವಿ ಟೈಫಾಯಿಡ್ ಜ್ವರದಿಂದ ಹೋಯಿತೆಂದು ಚಿಕ್ಕಂದಿನಿಂದ ಕೇಳಿದ್ದೇನೆ. ನಿಜ ಏನು? ನಿನಗೆ ಯಾವಾಗಿನಿಂದ ಗೊತ್ತು?

ಯಶೋಧರಾ


ಸುರಪುರ
14 ಜೂನ್ 2024

ಯಶೋಧರಾ,

ಹತ್ತು ದಿನದಿಂದ ಬರೆಯಲು ಕೂಡುವುದು, ಏಳುವುದು. ಇವತ್ತು ಬರೆದು ಮುಗಿಸುತ್ತೇನೆ.

ನಿನ್ನ ಮೊದಲ ಕಾಗದದಲ್ಲಿ ಜೀರುಂಡೆ ಎಂಬ ಮಾತು ಓದಿದಾಗಲೇ ನನಗೆ ಗೊತ್ತಾಯಿತು. ನನಗೂ ಹೀಗೇ ಶುರುವಾಗಿತ್ತು. ಸೂರಿನಲ್ಲಿ ಹುಳು ಸೇರಿದೆ ಎಂದು ಬೊಂಬು ಹಾಕಿ ಕೆದಕಿದ್ದೆ. ಮಂದಿಯ ಮಾತು, ಬಸ್ಸಿನ ಹಾರ್ನು, ನಿನ್ನ ಅವ್ವನ ದನಿ, ಎಲ್ಲ ಹೋದವು. ಆ ಹುಳು ಹೋಗಲಿಲ್ಲ. ಈಗಲೂ ಇದೆ.

ಜ್ವರದ ಮಾತು ಸುಳ್ಳು. ಸುಳ್ಳು ಹೇಳಿದವನು ನಾನು. 1998ರಲ್ಲಿ ಕಲಬುರಗಿಗೆ ಒಬ್ಬನೇ ಹೋಗಿ ತೋರಿಸಿದ್ದೆ. ಆಗ ಇನ್ನೂ ಗಟ್ಟಿಯಾಗಿ ಹೇಳಿದರೆ ಕೇಳುತ್ತಿತ್ತು. ಡಾಕ್ಟರು, "ಏನ ಕೆಲಸ ಮಾಡ್ತಿ?" ಎಂದರು. ತಗಡಿನದ್ರಿ ಎಂದೆ. "ಸುತ್ತಿಗಿ ಸಪ್ಪಳ ತಿಂದದಪಾ ನಿನ್ನ ಕಿವಿ. ಹೋಗಿದ್ದು ಬರಂಗಿಲ್ಲ. ಮನ್ಯಾಗ ಸಣ್ಣ ಹುಡುಗ್ರಿದ್ರ ಅದರ ಹತ್ರ ಸುಳಿಯಗೊಡಬ್ಯಾಡ."

ಬಸ್ಸಿನಲ್ಲಿ ಕೂತು ನಿಶ್ಚಯ ಮಾಡಿದೆ, ಸುನೀಲನನ್ನು ದುಕಾನಿಗೆ ಬಿಡಬಾರದು ಎಂದು. ನಿನ್ನ ಬಗ್ಗೆ ಯೋಚಿಸಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಯೋಚಿಸಿದೆ. ಅವನು ಕಲಿಯಬೇಕು, ನೌಕರಿ ಮಾಡಬೇಕು, ಅವನಿಗೆ ಕಿವಿ ಬೇಕು. ನೀನು ಮದುವೆಯಾಗಿ ಒಂದು ಮನೆ ಸೇರುವವಳು. ರೊಟ್ಟಿ ಬಡಿಯುವುದಕ್ಕೆ ಎಷ್ಟು ಕಿವಿ ಬೇಕು ಎಂದುಕೊಂಡೆ. ಸುಗ್ಗಿ ಹತ್ತಿರ ಬಂದಿತ್ತು, ಡ್ರಮ್ಮಿನ ಕೆಲಸ ಬಹಳವಿತ್ತು. ಆ ಬಾಯಿಯಲ್ಲಿ ಇಳಿಯುವಷ್ಟು ಸಣ್ಣ ಮೈ ಮನೆಯಲ್ಲಿ ಎರಡಿದ್ದವು. ಒಂದನ್ನು ಆರಿಸಿದೆ.

ಅವನನ್ನು ಹೊಡೆದು ಓಡಿಸಿದ್ದು ಆ ವಾರವೇ. ನೀನು ಒಳಗೆ ನಕ್ಕದ್ದು ನನಗೆ ಗೊತ್ತಿರಲಿಲ್ಲ. ನಿನ್ನ ಏಪ್ರಿಲಿನ ಕಾಗದ ಓದಿ ಆ ದಿನ ಊಟ ಮಾಡಲಿಲ್ಲ.

ಇನ್ನೊಂದು. ನಿನ್ನ ಅವ್ವ ನಿನ್ನ ಕಿವಿಗೆ ಹತ್ತಿ ಇಟ್ಟು ಕಳಿಸುತ್ತಿದ್ದಳು. ಹತ್ತಿ ಇದ್ದರೆ ನಾನು ಹೊರಗಿನಿಂದ ಕೂಗಿ ಹೇಳಿದ್ದು ನಿನಗೆ ಕೇಳುವುದಿಲ್ಲವೆಂದು ನಾನೇ ತೆಗೆದು ಬಿಸಾಡುತ್ತಿದ್ದೆ. ನೀನು ಆ ಬಾಯಿಯಲ್ಲಿ ಹಿಡಿಸದಷ್ಟು ಬೆಳೆಯುವವರೆಗೆ, ಇನ್ನೂ ಆರು ವರ್ಷ, ಹಾಗೆಯೇ ನಡೆಯಿತು.

ಡಬ್ಬಿ ಯಾಕೆ ಮಾಡಿದೆ ಎಂದರೆ, ತಪ್ಪು ಡಬ್ಬಿಯದೇ ಇರಲಿ ಎಂಬ ಆಸೆಯಿಂದ. ಒಂದು ತಿಂಗಳು ಆ ಆಸೆಯಲ್ಲೇ ಕೆಲಸ ಮಾಡಿದೆ.

ಇದನ್ನು ನಿನ್ನ ಅವ್ವನಿಗೆ ಹೇಳಬೇಡ. ಅವಳು ಜ್ವರವೆಂದೇ ನಂಬಿದ್ದಾಳೆ. ಈ ವಯಸ್ಸಿನಲ್ಲಿ ಅವಳಿಗೆ ಇದು ಬೇಡ.

ಖಂಡಪ್ಪ


ಯಾದಗಿರಿ
23 ಜೂನ್ 2024

ಅಪ್ಪಾ,

ನಿನ್ನ ಡಬ್ಬಿಯ ತಪ್ಪಿಲ್ಲ. ಅಷ್ಟು ಚೆನ್ನಾಗಿ ಮಾಡಿದ ಡಬ್ಬಿ ಯಾದಗಿರಿಯಲ್ಲಿ ಇನ್ನೊಂದಿಲ್ಲ. ಅದರ ಮುಂದೆ ಕೂತು ಮಾಡುವ ಕೆಲಸ ಮಾತ್ರ ಹೋಯಿತು. ನಾನೇ ಬಿಟ್ಟೆ. ಒಬ್ಬ ಮುದುಕಿ ತನ್ನ ಬಾಳಿನಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಇನ್ನೇನೋ ಎಂದು ಬರೆಯಬಾರದು. ಇಲ್ಲಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ತಪ್ಪು ತಿದ್ದುವ ಕೆಲಸ ಹಿಡಿದಿದ್ದೇನೆ. ಅದಕ್ಕೆ ಕಣ್ಣು ಸಾಕು.

ಆ ಕಾಗದದಲ್ಲಿ ಎಲ್ಲ ಬರೆದಿದ್ದೇನೆ ಎಂದು ನೀನು ಅಂದುಕೊಂಡಿದ್ದೀ. ಒಂದನ್ನು ಬರೆದಿಲ್ಲ. ಗೋಗಿಯದು. ಮಾತು ಎತ್ತಬೇಡ ಎಂದು ನಾನೇ ಹೇಳಿದ್ದೆ, ಈಗ ನಾನೇ ಎತ್ತುತ್ತೇನೆ.

ಗಂಡನ ಮನೆಯಲ್ಲಿ ಐವರು ಹಿರಿಯರನ್ನು ಕೂಡಿಸಿದ್ದರಲ್ಲ, ನೀನೂ ಇದ್ದೆ. ನಮ್ಮ ಅತ್ತೆಯ ದೂರು ಏನಿತ್ತು? "ಹತ್ತ ಸಲ ಕರದ್ರೂ ಓ ಅನ್ನಂಗಿಲ್ಲ. ಸೊಕ್ಕಿನಾಕಿ." ಗಂಡ ಹಿಂದಿನಿಂದ ಕರೆದು, ನಾನು ತಿರುಗದಿದ್ದಕ್ಕೆ ಚಂಬು ಎಸೆದು ನನ್ನ ತಲೆ ಒಡೆದದ್ದು ಆ ಸೊಕ್ಕಿಗೇ. ಸುನೀಲ ಅದನ್ನೆಲ್ಲ ಚೀಟಿಯಲ್ಲಿ ಬರೆದು ನಿನ್ನ ಕೈಗೆ ಕೊಟ್ಟ. ನೀನು ಓದಿದೆ. ಬಹಳ ಹೊತ್ತು ಓದಿದೆ. ಚೀಟಿಯಲ್ಲಿದ್ದದ್ದು ಎರಡೇ ಸಾಲು. ಅವತ್ತೇ ನಿನಗೆ ತಿಳಿಯಿತು, ಅಲ್ಲವೇ? ಹುಡುಗಿಗೆ ಕೇಳುವುದಿಲ್ಲ, ಸೊಕ್ಕಲ್ಲ ಎಂದು ಅಷ್ಟು ಮಂದಿಯ ಮುಂದೆ ಹೇಳುವವನು ನೀನೊಬ್ಬನೇ ಇದ್ದೆ. ನೀನು ನನ್ನ ಕಡೆ ನೋಡದೆ, "ಕರದ್ರ ಓ ಅಂದ್ರ ನಿನ್ನ ಗಂಟೇನ ಹೋಗ್ತದ?" ಎಂದೆ. ನನಗೂ ಗೊತ್ತಿರಲಿಲ್ಲ, ಅಪ್ಪಾ. ನಾನು ಸೊಕ್ಕಿನವಳೇ ಇರಬೇಕೆಂದು ನಾನೂ ನಂಬಿದ್ದೆ.

ನಿನ್ನ ಕಾಗದವನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಅವ್ವನನ್ನೂ ಸುನೀಲನನ್ನೂ ಎದುರಿಗೆ ಕೂಡಿಸಿಕೊಂಡು ನಿನ್ನ ಬಾಯಿಂದಲೇ ಓದು. ನನ್ನ ಈ ಕಾಗದವನ್ನೂ ಓದು. ಸುನೀಲನ ಕೈಗೆ ಕೊಟ್ಟು ಓದಿಸಬೇಡ. ಅವ್ವ ನನ್ನ ಕಿವಿಗೆ ಹತ್ತಿ ಇಟ್ಟವಳು. ಅದು ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಾಗಲಿ.

ಓದುವವರೆಗೆ ನನಗೆ ಬರೆಯಬೇಡ.

ಯಶೋಧರಾ


ಸುರಪುರ
9 ಜುಲೈ 2024

ಯಶೋಧರಾ,

ಓದಿದೆ.

ಭಾನುವಾರ ಸುನೀಲ ಹುಣಸಗಿಯಿಂದ ಬಂದಿದ್ದ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರನ್ನೂ ಅಂಗಳದಲ್ಲಿ ಕೂಡಿಸಿದೆ. ನನ್ನ ದನಿ ನನಗೆ ಕೇಳುವುದಿಲ್ಲ ಎಂದು ಗೊತ್ತಲ್ಲ. ಎಷ್ಟು ಗಟ್ಟಿ ಬರುತ್ತದೆ, ಎಷ್ಟು ಮೆಲ್ಲಗೆ ಬರುತ್ತದೆ, ಅಂದಾಜಿಲ್ಲ. ನಿನ್ನ ಅವ್ವನಿಗೆ ಸರಿಯಾಗಿ ಕೇಳಲಿ ಎಂದು ಜೋರು ಮಾಡಿ ಓದಿದೆ. ಕಣ್ಣು ಕಾಗದದ ಮೇಲಿತ್ತು. ಕಣ್ಣು ಮಂಜಾಗಿ ಒಂದೊಂದು ಸಾಲು ಎರಡು ಸಲ ಓದಿದೆ.

ಒಂದನ್ನು ಆರಿಸಿದೆ ಎಂಬಲ್ಲಿಗೆ ಬಂದು ತಲೆ ಎತ್ತಿದೆ. ಬಾಗಿಲಲ್ಲಿ ಓಣಿಯ ಮಂದಿ ನಿಂತಿದ್ದರು. ಎದುರು ಮನೆಯ ಶೇಖಮ್ಮ ಕಟ್ಟೆಯ ಮೇಲೆ ಕೂತು ಬಾಯಿಗೆ ಸೆರಗು ಹಿಡಿದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸುನೀಲ ಎದ್ದು ಬಂದು ಸಾಕು ಎಂದು ಕೈ ಮಾಡಿದ. ನಿನ್ನ ಅವ್ವ ಅವನನ್ನು ಹಿಡಿದು ಕೂಡಿಸಿ, ಓದು ಎಂದು ನನಗೆ ಕೈ ಮಾಡಿದಳು. ಅಷ್ಟು ಮಂದಿಯ ಎದುರಿಗೆ ಉಳಿದದ್ದನ್ನೆಲ್ಲ ಓದಿದೆ. ಹತ್ತಿಯದು, ಗೋಗಿಯದು, ಎಲ್ಲ.

ಗೋಗಿಯದು ನೀನು ಬರೆದದ್ದು ಖರೆ. ಚೀಟಿ ಓದಿದಾಗ ನನಗೆ ತಿಳಿಯಿತು.

ಮುಗಿದ ಮೇಲೆ ಸುನೀಲ ತಲೆ ಹಿಡಿದುಕೊಂಡು ಕೂತ. ನಿನ್ನ ಅವ್ವ ಒಳಗೆ ಹೋಗಿ ಚೀಲಕ್ಕೆ ಎರಡು ಸೀರೆ ಹಾಕಿಕೊಂಡು ಬಂದಳು. ಬಾಗಿಲ ಹತ್ತಿರ ನಿಂತು ಏನೋ ಅಂದಳು. ಮುಖ ಹೊರಗಿತ್ತು, ತುಟಿ ನನಗೆ ಕಾಣಲಿಲ್ಲ. ಓಣಿಯವರೆಲ್ಲ ಕೇಳಿಸಿಕೊಂಡರು. ಶೇಖಮ್ಮ ಅಳತೊಡಗಿದಳು. ಏನಂದಳೆಂದು ಸುನೀಲನನ್ನು ಕೇಳಿದೆ. ಅವನು ಬರೆದು ಕೊಡಲಿಲ್ಲ. ಶೇಖಮ್ಮನನ್ನು ಕೇಳಿದೆ. ಅವಳೂ ಹೇಳಲಿಲ್ಲ. ನಿನ್ನ ಅವ್ವ ಆ ಸಂಜೆಯ ಬಸ್ಸಿಗೇ ಯಾದಗಿರಿಗೆ ಹೊರಟಳು. ನಿನ್ನಲ್ಲಿರಬೇಕು.

ಕಿವಿ ಹೋದಾಗಿನಿಂದ ಅವಳ ಮಾತನ್ನು ಮುಖ ನೋಡಿಯೋ ಕೈ ನೋಡಿಯೋ ತಿಳಿದುಕೊಂಡಿದ್ದೇನೆ. ಇದೊಂದು ಮಾತು ತಿಳಿಯಲಿಲ್ಲ. ಅವಳು ಏನಂದಳೆಂದು ನಿನಗೆ ಹೇಳಿದ್ದರೆ ನನಗೆ ಬರೆ.

ಖಂಡಪ್ಪ


ಯಾದಗಿರಿ
30 ಜುಲೈ 2024

ಅಪ್ಪಾ,

ಅವ್ವ ನನ್ನಲ್ಲಿದ್ದಾಳೆ. ಆರೋಗ್ಯವಾಗಿದ್ದಾಳೆ. ಅವಳ ಕನ್ನಡಕ, ಮೊಣಕಾಲಿನ ಎಣ್ಣೆ, ಉಳಿದ ಸೀರೆಗಳನ್ನು ಸುನೀಲನ ಕೈಯಲ್ಲಿ ಕಳಿಸು.

ಅವತ್ತು ಬಾಗಿಲಲ್ಲಿ ಏನಂದೆ ಎಂದು ಕೇಳಿದೆ. ಹೇಳಿದಳು. ನನಗೆ ಸರಿಯಾಗಿ ಕೇಳಿಸಲಿಲ್ಲ. ಅವಳು ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ನಿಧಾನವಾಗಿ ಇನ್ನೊಮ್ಮೆ ಹೇಳಿದಳು. ಆಗ ಕೇಳಿಸಿತು.

ಅದನ್ನು ನಾನು ಬರೆಯುವುದಿಲ್ಲ. ಬೇಕಿದ್ದರೆ ಬಂದು ಅವಳ ಎದುರಿಗೆ ಕೂತು ಕೇಳು. ಹೇಳುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು.

ಯಶೋಧರಾ